ಹಾಕಿದವರೇ ತೆಗೆಯಬೇಕು

ಮೂರನೇ ಸಲವೂ ಫೇಲಾದ ದಿನ ಬೀಗಪ್ಪ ಊಟದ ತಟ್ಟೆಯನ್ನು ಗೋಡೆಗೆ ಎಸೆದ. ಸ್ಟೀಲಿನ ತಟ್ಟೆ, ಅದಕ್ಕೇನೂ ಆಗಲಿಲ್ಲ. ಅನ್ನ ಗೋಡೆಗೆ ಅಂಟಿಕೊಂಡಿತು, ಬೇಳೆ ನಿಧಾನವಾಗಿ ನೆಲಕ್ಕಿಳಿಯಿತು.

ಪಕ್ಕದಲ್ಲಿ ಕೂತಿದ್ದ ಅವನ ತಾಯಿ, ಎಪ್ಪತ್ತೆಂಟರ ಮುದುಕಿ, ತನ್ನ ತಟ್ಟೆಯನ್ನು ಸ್ವಲ್ಪ ಆಚೆ ಎಳೆದುಕೊಂಡು ಊಟ ಮುಂದುವರಿಸಿದಳು.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ಗೋಡೆ ಏನೋ ಮಾಡ್ತು ನಿನಗೆ?"

"ನೀನು ಸುಮ್ನಿರಮ್ಮ."

"ಸುಮ್ನೇ ಇದೀನಲ್ಲ. ಬಾಯಿಗೆ ಬೇರೆ ಕೆಲಸ ಇದೆ."

ಹೆಂಡತಿ ಒದ್ದೆ ಬಟ್ಟೆ ತಂದು ಗೋಡೆ ಒರೆಸಿದಳು. ಇನ್ನೊಂದು ತಟ್ಟೆ ತಂದು, ಅನ್ನ ಹಾಕಿ, ಅವನ ಮುಂದಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಮದುವೆಯಾದ ಮೂವತ್ತು ವರ್ಷದಲ್ಲಿ ಆ ಎರಡು ಹೆಜ್ಜೆಯ ಅಳತೆ ಅವಳಿಗೆ ಚೆನ್ನಾಗಿ ಸಿಕ್ಕಿತ್ತು.

ಬೀಗಪ್ಪ ಎನ್ನುವುದು ಅವನ ಹೆಸರಲ್ಲ. ಕಲ್ಲಿದ್ದಲಿನ ವಿದ್ಯುತ್ ಕೇಂದ್ರದಲ್ಲಿ ಮೂವತ್ತೊಂದು ವರ್ಷ ಎಲೆಕ್ಟ್ರಿಶಿಯನ್ ಆಗಿದ್ದವನಿಗೆ ಅಲ್ಲಿನವರು ಇಟ್ಟ ಹೆಸರು. ಆ ಕೇಂದ್ರದಲ್ಲಿ ಒಂದು ಪದ್ಧತಿ ಇತ್ತು. ಯಂತ್ರಕ್ಕೆ ಕೈ ಹಾಕುವ ಮೊದಲು ಅದರ ಸ್ವಿಚ್ ಆರಿಸಿ, ಸ್ವಿಚ್ಚಿಗೆ ತನ್ನದೇ ಕೆಂಪು ಬೀಗ ಜಡಿದು, ಬೀಗಕ್ಕೆ ತನ್ನ ಹೆಸರಿನ ಚೀಟಿ ಕಟ್ಟಬೇಕು. ಬೀಗದ ಕೈ ಕೊರಳಲ್ಲಿರಬೇಕು. ಹಾಕಿದವರೇ ತೆಗೆಯಬೇಕು, ಇನ್ನೊಬ್ಬರು ಮುಟ್ಟಬಾರದು. ಒಮ್ಮೆ ಅವನು ಜ್ವರ ಬಂದು ಬೀಗ ತೆಗೆಯದೆ ಮನೆಗೆ ಬಂದುಬಿಟ್ಟ. ಇಡೀ ಘಟಕ ಎರಡು ಗಂಟೆ ನಿಂತಿತು. ಸಾಹೇಬರೇ ಜೀಪಿನಲ್ಲಿ ಬಂದು ಬೀಗದ ಕೈ ಕೇಳಿದರು. ಕೊಡಲಿಲ್ಲ. ಕಂಬಳಿ ಹೊದ್ದು ಜೀಪು ಹತ್ತಿ, ನಡುಗುತ್ತಾ ಹೋಗಿ, ತಾನೇ ತೆಗೆದು ಬಂದ. ಅಂದಿನಿಂದ ಬೀಗಪ್ಪ. ಆ ಬೀಗಕ್ಕೆ ಎರಡು ಕೈ ಇದ್ದವು. ಒಂದು ಅವನ ಕೊರಳಲ್ಲಿ. ಇನ್ನೊಂದು ಯಾರಿಗೂ ಸಿಗಬಾರದೆಂದು ಮನೆಗೆ ತಂದುಕೊಟ್ಟಿದ್ದ. ಹೆಂಡತಿ ಅದನ್ನು ಅಕ್ಕಿ ಡಬ್ಬದ ತಳಕ್ಕೆ ಹಾಕಿಟ್ಟಿದ್ದಳು.

ಈಗ ಆ ಕೇಂದ್ರ ಮುಚ್ಚುತ್ತಿತ್ತು. ಹೊಗೆ ಸಾಕು ಎಂದು ಮೇಲಿನವರು ತೀರ್ಮಾನಿಸಿದ್ದರು. ಬೂದಿ ಸುರಿಯುತ್ತಿದ್ದ ಬಯಲನ್ನು ಮಟ್ಟ ಮಾಡಿ ಸೋಲಾರ್ ಹಲಗೆಗಳನ್ನು ಸಾಲುಸಾಲಾಗಿ ನಿಲ್ಲಿಸಿದ್ದರು. ಹಳಬರಿಗೆ ಅಲ್ಲಿ ಕೆಲಸ ಉಂಟು, ಆದರೆ ಟ್ಯಾಬ್ಲೆಟ್ಟಿನಲ್ಲಿ ನಲವತ್ತು ಪ್ರಶ್ನೆಯ ಪರೀಕ್ಷೆ ಪಾಸಾಗಬೇಕು. ನಾಲ್ಕು ಅವಕಾಶ. ಆಗದವರು ಎರಡು ತಿಂಗಳಲ್ಲಿ ಕಂಪನಿಯ ಮನೆ ಬಿಡಬೇಕು. ಎರಡು ಕೋಣೆ, ಒಂದು ಅಡುಗೆಮನೆ, ಕಬ್ಬಿಣದ ಗ್ರಿಲ್ ಹಾಕಿದ ಜಗಲಿ. ಮಕ್ಕಳಿಬ್ಬರೂ ಹುಟ್ಟಿದ್ದು ಅಲ್ಲೇ.

ಮಗ ಮೊದಲು ಕಲ್ಲಿದ್ದಲು ಸಾಗಿಸುವ ಬೆಲ್ಟಿನ ಮೇಲೆ ದಿನಗೂಲಿಯವನಾಗಿದ್ದ. ಈಗ ಸೋಲಾರ್ ಬಯಲಿನಲ್ಲಿ ಗುತ್ತಿಗೆದಾರನ ಕೈಕೆಳಗೆ ಕೇಬಲ್ ಜೋಡಿಸುತ್ತಿದ್ದ. ಹೊರುವವರಿಗೆ, ಅಗೆಯುವವರಿಗೆ ಪರೀಕ್ಷೆ ಇರಲಿಲ್ಲ. ಮಗಳು ಮಾತ್ರ ಒಂದು ವರ್ಷ ತರಬೇತಿ ಪಡೆದು ಅಲ್ಲಿನ ಕಂಟ್ರೋಲ್ ರೂಮಿನಲ್ಲಿ ಎಂಟು ಸ್ಕ್ರೀನುಗಳ ಮುಂದೆ ಕೂರುತ್ತಿದ್ದಳು. ಇಡೀ ಬಯಲಿನ ಸ್ವಿಚ್ಚುಗಳನ್ನು ಅವಳು ಕೂತಲ್ಲಿಂದಲೇ ಹಾಕುತ್ತಿದ್ದಳು, ತೆಗೆಯುತ್ತಿದ್ದಳು.

ಮಾರನೆಯ ದಿನ ಅವಳೇ ಅಪ್ಪನಿಗೆ ಪಾಠಕ್ಕೆ ಕೂತಳು.

"ಬ್ರೇಕರ್ ಬಿದ್ದು ಕರೆಂಟ್ ಹೋಗಿದೆ. ಮೊದಲು ಏನ್ ಮಾಡ್ತೀಯ?"

"ಹೋಗಿ ನೋಡ್ತೀನಿ."

"ತಪ್ಪು. ಮೊದಲು ಸ್ಕ್ರೀನ್ ನೋಡಬೇಕು."

"ಬ್ರೇಕರ್ ಸ್ಕ್ರೀನ್ ಒಳಗೆ ಕೂತಿದೆಯಾ?"

"ಅಪ್ಪ, ಉತ್ತರ ಅದೇ. ಅದನ್ನ ಒತ್ತು ಅಷ್ಟೇ."

"ಸುಟ್ಟ ವಾಸನೆ ಬರ್ತಿದೆಯಾ ಇಲ್ವಾ ಅಂತ ನಿನ್ನ ಸ್ಕ್ರೀನು ಹೇಳುತ್ತಾ?"

"ಪರೀಕ್ಷೇಲಿ ವಾಸನೆ ಇಲ್ಲ."

ಬಾಗಿಲಲ್ಲಿ ನಿಂತು ತಲೆ ಒರೆಸಿಕೊಳ್ಳುತ್ತಿದ್ದ ಮಗ ನಕ್ಕ. "ಅಪ್ಪನಿಗೆ ಮೂಗಿನ ಪರೀಕ್ಷೆ ಬೇರೆ ಇಡಿಸು. ಫಸ್ಟ್ ಕ್ಲಾಸು."

ಮುದುಕಿಯೂ ಕಿಸಕ್ಕನೆ ನಕ್ಕಳು. ಬೀಗಪ್ಪ ಎದ್ದ. ಮಗ ದೂರದಲ್ಲಿದ್ದ, ಮಗಳು ಹತ್ತಿರದಲ್ಲಿದ್ದಳು. ಆ ಮನೆಯಲ್ಲಿ ಏಟು ಯಾವಾಗಲೂ ಬೀಳುತ್ತಿದ್ದುದು ಹತ್ತಿರ ಇದ್ದವರಿಗೆ. ಅವಳ ಕೈಯಲ್ಲಿದ್ದ ಟ್ಯಾಬ್ಲೆಟ್ ನೆಲಕ್ಕೆ ಬಿತ್ತು. ಅವಳು ಬಗ್ಗಿ, ಮೊದಲು ಗಾಜು ಒಡೆದಿದೆಯೇ ಎಂದು ನೋಡಿದಳು. ಆಮೇಲೆ ಕೆನ್ನೆ ಮುಟ್ಟಿಕೊಂಡಳು.

"ಇಪ್ಪತ್ತನಾಲ್ಕು ವರ್ಷದ ಹುಡುಗಿಗೆ ಹೊಡೀತೀಯಲ್ಲ, ನಿನಗೆ ನಾಚಿಕೆ ಇದೆಯಾ?" ಎಂದ ಮಗ.

"ಬಾ, ನಿನಗೂ ಒಂದು ಕೊಡ್ತೀನಿ. ಬಾರೋ ಹತ್ತಿರ."

ಇಬ್ಬರೂ ಜಗಲಿಯವರೆಗೆ ಎಳೆದಾಡಿಕೊಂಡು ಹೋದರು. ಮಗನ ಅಂಗಿಯ ಜೇಬು ಹರಿಯಿತು, ಅಪ್ಪನ ತುಟಿ ಒಡೆಯಿತು. ಹೆಂಡತಿ ನಡುವೆ ನುಗ್ಗಿ ಎರಡೂ ಕಡೆಯ ಏಟು ತಿಂದಳು. ಸಂಜೆ ಆ ಜೇಬನ್ನು ಹೊಲಿದವಳೂ ಅವಳೇ.

ನಾಲ್ಕನೆಯ ಅವಕಾಶವನ್ನು ಮನೆಯಿಂದಲೇ, ಫೋನಿನಲ್ಲಿಯೇ ಬರೆಯಬಹುದಾಗಿತ್ತು. ಕಂಪನಿ ಫೋನು ಕೊಟ್ಟಿತ್ತು. ಪರೀಕ್ಷೆಯ ನಡುವೆ ಮೂರು ಸಲ ಅದು ಮುಖ ತೋರಿಸು ಎನ್ನುತ್ತದೆ, ಅಷ್ಟೇ.

"ನೀನೇ ಬರೆದುಬಿಡೆ," ಎಂದಳು ತಾಯಿ, ಮಗಳ ಜೊತೆ ಪಾತ್ರೆ ತೊಳೆಯುತ್ತಾ.

"ಸಿಕ್ಕಿಬಿದ್ರೆ ನನ್ನ ಕೆಲಸ ಹೋಗುತ್ತಮ್ಮ."

"ಸಿಕ್ಕಿಬೀಳದಿದ್ರೆ ಮನೆ ಉಳಿಯುತ್ತೆ."

ಮಗಳು ತುಂಬ ಹೊತ್ತು ಒಂದೇ ತಟ್ಟೆಯನ್ನು ತಿಕ್ಕಿದಳು.

ಭಾನುವಾರ ಬೆಳಗ್ಗೆ ಬೀಗಪ್ಪ ಮೊಟ್ಟೆ ತಿನ್ನುತ್ತಾ ಕೂತಿದ್ದಾಗ ಮಗಳು ಎದುರು ಕೂತು ಫೋನು ಹಿಡಿದಳು. "ಇಲ್ಲಿ ನೋಡಪ್ಪ," ಎಂದಳು. ಅವನಿಗೆ ಗೊತ್ತಿತ್ತು. ಬೇಡ ಎನ್ನಲಿಲ್ಲ, ಬರೆ ಎನ್ನಲೂ ಇಲ್ಲ. ಮೂರು ಸಲ ಫೋನು ಮುಖ ಕೇಳಿತು. ಮೂರು ಸಲ ಅವನು ತಲೆ ಎತ್ತಿ ಮುಖ ಕೊಟ್ಟ, ಮತ್ತೆ ತಲೆ ತಗ್ಗಿಸಿ ತಿಂದ. ಉಳಿದದ್ದನ್ನು ಮಗಳು ಮಾಡಿದಳು. ನಲವತ್ತಕ್ಕೆ ಮೂವತ್ತೇಳು. ಎಲ್ಲ ಸರಿ ಬರೆದರೆ ಅನುಮಾನ ಬರುತ್ತದೆ ಎಂದು ಮೂರು ತಪ್ಪನ್ನು ಬೇಕೆಂದೇ ಮಾಡಿದ್ದಳು.

"ಪಾಸಾದ್ಯೇನೋ?" ಎಂದು ಮುದುಕಿ ಕೇಳಿದಳು.

"ಹೂಂ."

"ಶಾಲೇಲಿ ಒಂದಿನ ಆಗಿರಲಿಲ್ಲ. ಮಗಳ ಪುಣ್ಯ."

ಅವನು ಮೊಟ್ಟೆಯ ಸಿಪ್ಪೆಯನ್ನು ಅಂಗೈಯಲ್ಲಿ ಪುಡಿ ಮಾಡಿದ. ಅಂದು ಯಾರಿಗೂ ಹೊಡೆಯಲಿಲ್ಲ.

ಬಯಲಿನಲ್ಲಿ ಅವನಿಗೆ ಸಿಕ್ಕಿದ್ದು ಸುರಕ್ಷತೆಯ ಕೆಲಸ. ಯಾರಾದರೂ ಕೇಬಲ್ಲಿಗೆ ಕೈ ಹಾಕುವ ಮೊದಲು ಲೈನು ಸತ್ತಿದೆಯೇ, ಅಂದರೆ ಅದರಲ್ಲಿ ಕರೆಂಟ್ ಇಲ್ಲವೇ ಎಂದು ಅವನು ನೋಡಬೇಕು. ಕೆಲಸ ಮುಗಿದ ಮೇಲೆ ಎಲ್ಲರೂ ಹೊರಗೆ ಬಂದಿದ್ದಾರೆಯೇ ಎಂದೂ ಅವನೇ ನೋಡಬೇಕು. ಮೂವತ್ತೊಂದು ವರ್ಷ ಅವನು ಮಾಡಿದ್ದು ಅದನ್ನೇ. ವ್ಯತ್ಯಾಸ ಇಷ್ಟೇ: ಇಲ್ಲಿ ಎಲ್ಲವನ್ನೂ ಫೋನಿನಲ್ಲಿ ಒತ್ತಬೇಕು. ಬಂದೆ ಎಂದು ಒತ್ತು, ಟೋಪಿ ಹಾಕಿದೆ ಎಂದು ಒತ್ತು, ಆರೋಗ್ಯ ಸರಿಯಿದೆ ಎಂದು ಒತ್ತು, ಸೂಚನೆ ಓದಿದೆ ಎಂದು ಒತ್ತು. ದಿನಕ್ಕೆ ಇಪ್ಪತ್ತು ಸಲ ಅದು ಕಿರುಚುತ್ತಿತ್ತು. ಟ್ರಾನ್ಸ್‌ಫಾರ್ಮರಿನ ಗುಂಯ್ ಎನ್ನುವ ಸದ್ದು ಕೇಳಿಯೇ ಅದರ ರೋಗ ಹೇಳುತ್ತಿದ್ದವನಿಗೆ ಜೇಬಿನಲ್ಲಿ ಕಿರುಚುವ ಈ ಡಬ್ಬ ಆಗಿಬರಲಿಲ್ಲ. ಎರಡನೇ ವಾರದಿಂದ ಅದನ್ನು ಅಡುಗೆಮನೆಯ ಕಟ್ಟೆಯ ಮೇಲೆ ಬಿಟ್ಟು ಹೋಗತೊಡಗಿದ. ಫೋನು ಎಲ್ಲಿದೆ ಎಂದು ಕೇಳುವ ಬುದ್ಧಿ ಕಂಪನಿಯ ಕಂಪ್ಯೂಟರಿಗೆ ಇನ್ನೂ ಬಂದಿರಲಿಲ್ಲ.

ಹಾಗೆ ಬಿಟ್ಟುಹೋದ ಮೊದಲ ದಿನವೇ ಅರ್ಧ ದಿನದ ಹಾಜರಿ ಹೋಯಿತು. ಸಂಜೆ ಬಂದವನೇ ಹೆಂಡತಿಯ ಬೆನ್ನಿಗೆ ಗುದ್ದಿದ.

"ಅದು ಅಷ್ಟು ಹೊತ್ತು ಬಡ್ಕೊಂಡ್ರೂ ನಿನಗೆ ಕಿವಿ ಕೇಳಿಸಲಿಲ್ವಾ?"

"ನನಗೇನ್ರೀ ಗೊತ್ತು ಅದನ್ನ ಹೇಗೆ ಒತ್ತೋದು ಅಂತ?"

"ಮಗಳನ್ನ ಕೇಳ್ಕೋ."

ಮಗಳು ಹೇಳಿಕೊಟ್ಟಳು. ನಾಲ್ಕು ಅಂಕಿ ಒತ್ತಿದರೆ ಫೋನು ತೆರೆಯುತ್ತದೆ. ಬೆಳಗಿನ ಹಾಜರಿಗೆ ಹಸಿರು ಬಟನ್ ಬರುತ್ತದೆ, ಅದನ್ನು ಒತ್ತಿದರಾಯಿತು. "ಹಾಜರಿ ಮಾತ್ರ ಅಮ್ಮ. ಲೈನ್ ನಿಲ್ಲಿಸಿ ಮಾಡೋ ಪರ್ಮಿಟ್ ಕೆಲಸ ಇರೋ ದಿನ ಅಪ್ಪ ಫೋನ್ ತಗೊಂಡೇ ಹೋಗಬೇಕು," ಎಂದು ಅಪ್ಪನಿಗೆ ಕೇಳುವಂತೆ ಹೇಳಿದಳು. ಅಪ್ಪ ಕೇಳಿಸಿಕೊಳ್ಳದವನಂತೆ ಚಪ್ಪಲಿ ಹುಡುಕಿದ. ಹೆಂಡತಿ ಆ ನಾಲ್ಕು ಅಂಕಿಗಳನ್ನು ಅಕ್ಕಿ ಡಬ್ಬದ ಮುಚ್ಚಳದ ಒಳಗೆ ಪೆನ್ಸಿಲಿನಲ್ಲಿ ಬರೆದಿಟ್ಟಳು.

ಅವಳು ನಾಲ್ಕನೇ ತರಗತಿಯವರೆಗೆ ಓದಿದವಳು. ಕೂಡಿಸಿಕೊಂಡು ಓದುತ್ತಿದ್ದಳು. ಒಂದು ದಿನ ಉದ್ದನೆಯ ಸಂದೇಶ ಬಂತು. ಅರ್ಥವಾಗಲಿಲ್ಲ. ಒತ್ತದೆ ಬಿಟ್ಟು, ಸಂಜೆ ಗಂಡನನ್ನು ಕೇಳಿದಳು: "ಇದರಲ್ಲಿ ಏನೋ ಬರೆದಿದೆ, ಏನ್ರೀ ಇದು?"

ಅವನ ಕೈಯಲ್ಲಿ ಬಿಸಿ ಚಹಾದ ಲೋಟವಿತ್ತು. ಚಹಾ ಅವಳ ಕುತ್ತಿಗೆಯ ಮೇಲೆ ಬಿತ್ತು.

"ಓದು ಅಂತ ನಿನಗೆ ಕೊಟ್ಟಿದೀನಾ? ಹಸಿರು ಬಂದ್ರೆ ಒತ್ತು. ಅಷ್ಟೇ ನಿನ್ನ ಕೆಲಸ."

ಮಗಳು ಆ ವಾರ ಸಂಜೆಯ ಪಾಳಿಯಲ್ಲಿದ್ದಳು. ಮಗ ಹೊರಗಿದ್ದ. ಮುದುಕಿ ಮಾತ್ರ ನೋಡಿದಳು. "ನಿಮ್ಮಪ್ಪನಿಗೂ ಇದೇ ರೋಗ ಇತ್ತು ಕಣೋ. ಸುಡುಗಾಡಿಗೆ ಹೋಗೋವರೆಗೂ ವಾಸಿಯಾಗಲಿಲ್ಲ," ಎಂದು ಗೊಣಗುತ್ತಾ ಸೊಸೆಯ ಕುತ್ತಿಗೆಗೆ ತಣ್ಣೀರು ಸುರಿದಳು.

ಅಂದಿನಿಂದ ಅವಳು ಕೇಳುವುದನ್ನು ಬಿಟ್ಟಳು. ಹಸಿರು ಬಂದರೆ ಒತ್ತಿದಳು.

ಅತ್ತ ಬಯಲಿನಲ್ಲಿ ಬೀಗಪ್ಪ ತನ್ನದೇ ರೀತಿಯಲ್ಲಿ ಕೆಲಸ ಮಾಡುತ್ತಿದ್ದ. ಸ್ವಿಚ್ಚಿನ ಪೆಟ್ಟಿಗೆಗೆ ತನ್ನ ಹಳೆಯ ಕೆಂಪು ಬೀಗ ಜಡಿದು, ಚೀಟಿ ಕಟ್ಟಿ, ಆಮೇಲೆ ಜನರನ್ನು ಕೆಲಸಕ್ಕೆ ಬಿಡುತ್ತಿದ್ದ. ಮೂರನೇ ವಾರ ಮ್ಯಾನೇಜರು ನೋಡಿದ. ಮೂವತ್ತು ದಾಟದ, ಇಸ್ತ್ರಿ ಅಂಗಿಯ ಮನುಷ್ಯ.

"ಏನಿದು?"

"ಬೀಗ."

"ಅದು ಕಾಣಿಸ್ತಿದೆ. ಇಲ್ಲಿ ಯಾಕಿದೆ? ಸ್ವಿಚ್ಚೆಲ್ಲ ಕಂಟ್ರೋಲ್ ರೂಮಿಂದ ನಡೆಯುತ್ತೆ. ನೀವು ಬೀಗ ಹಾಕಿ ಕೂತ್ರೆ ಸ್ವಿಚ್ ತಿರುಗಿಸೋ ಮೋಟಾರ್ ಸುಟ್ಟು ಹೋಗುತ್ತೆ. ಫೋನಲ್ಲೇ ಲಾಕ್ ಇದೆಯಲ್ಲ?"

"ಫೋನಿನ ಲಾಕು ಕೈಯಲ್ಲಿ ಹಿಡಿಯೋಕೆ ಬರಲ್ಲ ಸಾರ್."

"ನಿಮ್ಮ ಕಾಲದ ಸರ್ಕಸ್ ಇಲ್ಲಿ ಬೇಡ. ತೆಗೀರಿ."

"ಒಳಗೆ ಜನ ಇದ್ದಾರೆ. ತೆಗೆಯಲ್ಲ."

ಮ್ಯಾನೇಜರು ಬೀಗಕ್ಕೆ ಕೈ ಹಾಕಿದ. ಬೀಗಪ್ಪ ಅವನ ಕೊರಳಪಟ್ಟಿ ಹಿಡಿದು ಪೆಟ್ಟಿಗೆಗೆ ಒತ್ತಿ ನಿಲ್ಲಿಸಿದ. ಕಬ್ಬಿಣಕ್ಕೆ ತಲೆ ಬಡಿದ ಸದ್ದು ಇಪ್ಪತ್ತು ಸಾಲು ಆಚೆಗೆ ಕೇಳಿತಂತೆ. ನಾಲ್ಕು ಜನ ಸೇರಿ ಬಿಡಿಸಿದರು, ಅವರಲ್ಲಿ ಮಗನೂ ಒಬ್ಬ. ಬೀಗಪ್ಪ ಒಳಗಿದ್ದವರನ್ನೆಲ್ಲ ಹೊರಗೆ ಕರೆದು, ಎಣಿಸಿ, ಆಮೇಲೆ ತಾನೇ ಬೀಗ ತೆಗೆದು ಮ್ಯಾನೇಜರಿನ ಮುಂದೆ ಎಸೆದ. ಅದು ಮ್ಯಾನೇಜರಿನ ಮೇಜಿನ ಖಾನೆ ಸೇರಿತು. ಕೆಲಸದಿಂದ ತೆಗೆಯಲಿಲ್ಲ. ಬಯಲು ಗೊತ್ತಿರುವ ಕೈಗಳು ಕಡಿಮೆ ಇದ್ದವು. ಇನ್ನೊಂದು ಸಲ ಹೀಗಾದರೆ ಮನೆಗೆ ಎಂದು ಕಾಗದ ಕೊಟ್ಟರು.

"ಒಳ್ಳೇದು ಮಾಡ್ದೆ ಅಪ್ಪ," ಎಂದ ಮಗ, ಊಟದ ಹೊತ್ತಿಗೆ. ಆ ಮನೆಯಲ್ಲಿ ಅವನು ಅಪ್ಪನನ್ನು ಹೊಗಳಿದ್ದು ಅದೊಂದೇ ಸಲ. "ತಲೆ ಇನ್ನೂ ಸ್ವಲ್ಪ ಗಟ್ಟಿಯಾಗಿ ಬಡೀಬೇಕಿತ್ತು."

"ಅಣ್ಣ, ಸುಮ್ನಿರು," ಎಂದಳು ಮಗಳು. "ಅಪ್ಪ, ಬೀಗ ಹೋಯ್ತು. ಇನ್ನು ಮೇಲೆ ಫೋನ್ ಒಂದೇ ಇರೋದು. ತಗೊಂಡು ಹೋಗ್ತಿದೀಯ ತಾನೇ?"

"ತಗೊಂಡ್ ಹೋಗ್ತೀನಿ," ಎಂದ.

ಹೆಂಡತಿ ಏನೋ ಹೇಳಲು ಬಾಯಿ ತೆರೆದಳು. ಅವನು ಅವಳ ಕಡೆ ನೋಡಿದ. ಅವಳು ಅನ್ನದ ಪಾತ್ರೆಗೆ ಸೌಟು ಹಾಕಿದಳು.

ಅದಾಗಿ ಎಂಟನೆಯ ದಿನ ನಾಲ್ಕನೇ ಟ್ರಾನ್ಸ್‌ಫಾರ್ಮರಿನ ಕೇಬಲ್ಲಿನ ಜೋಡಣೆ ಬಿಟ್ಟುಕೊಂಡಿತ್ತು. ಮಗಳು ಬೆಳಗ್ಗೆ ಆರರ ಪಾಳಿಗೆ ಹೋಗಿದ್ದಳು, ಫೋನು ಕಟ್ಟೆಯ ಮೇಲೇ ಉಳಿದದ್ದು ಅವಳಿಗೆ ಗೊತ್ತಿರಲಿಲ್ಲ. ಅವಳು ಸ್ಕ್ರೀನಿನಲ್ಲಿ ಬ್ರೇಕರ್ ತೆಗೆದು ಕರೆಂಟ್ ನಿಲ್ಲಿಸಿದಳು. ಬೀಗಪ್ಪ ಹೋಗಿ ಮೀಟರ್ ಇಟ್ಟು ಲೈನು ಸತ್ತಿದೆ ಎಂದು ಖಚಿತ ಮಾಡಿಕೊಂಡ. ಅದೇ ಹೊತ್ತಿಗೆ ಮನೆಯ ಕಟ್ಟೆಯ ಮೇಲಿದ್ದ ಫೋನಿನಲ್ಲಿ ಹಸಿರು ಬಂತು, ಹೆಂಡತಿ ಒತ್ತಿದಳು. ಮಗನೂ ಇನ್ನಿಬ್ಬರೂ ಗುಂಡಿಗೆ ಇಳಿದರು. ಹನ್ನೊಂದೂವರೆಗೆ ಮುಗಿಯಬೇಕಾಗಿದ್ದ ಕೆಲಸ. ಜೋಡಣೆಯ ಮೇಲೆ ಹೊದಿಸುವ ರಬ್ಬರಿನ ಕೊಳವೆ ಅಳತೆ ತಪ್ಪಿ ಬಂದಿತ್ತು. ಬೇರೆಯದನ್ನು ತರಲು ಬೀಗಪ್ಪನೇ ಉಗ್ರಾಣಕ್ಕೆ ಹೋದ. "ನಾನು ಬರೋವರೆಗೆ ಕೆಲಸ ಬಿಟ್ಟು ಕೂತಿರಿ," ಎಂದು ಹೇಳಿಯೇ ಹೋದ. ಅವರು ಕೂರಲಿಲ್ಲ, ಕೇಬಲ್ಲಿನ ತುದಿ ಹೆರೆಯುತ್ತಿದ್ದರು. ಸತ್ತ ಲೈನು ತಾನೇ.

ಹನ್ನೊಂದು ನಲವತ್ತಕ್ಕೆ ಅಡುಗೆಮನೆಯಲ್ಲಿ ಫೋನು ಕಿರುಚಿತು. ಹೆಂಡತಿ ಆಲೂಗಡ್ಡೆ ಸುಲಿಯುತ್ತಿದ್ದಳು. ಕೈ ಒರೆಸಿಕೊಂಡಳು. 'ಕೆಲಸದ ಅವಧಿ ಮುಗಿದಿದೆ. ಎಲ್ಲ ಸಿಬ್ಬಂದಿ ಹೊರಬಂದಿರುವುದನ್ನು ನೀವು ಖುದ್ದಾಗಿ' ಎಂಬಲ್ಲಿಯವರೆಗೆ ಕೂಡಿಸಿ ಓದಿದಳು. ಮುಂದೆ ಇನ್ನೂ ಮೂರು ಸಾಲು ಇತ್ತು. ಕೆಳಗೆ ಹಸಿರೂ ಇತ್ತು, ಕೆಂಪೂ ಇತ್ತು. ಕುತ್ತಿಗೆಯ ಮೇಲಿನ ಸುಟ್ಟ ಚರ್ಮ ಇನ್ನೂ ಪೂರ್ತಿ ವಾಸಿಯಾಗಿರಲಿಲ್ಲ. ಹಸಿರು ಒತ್ತಿದಳು. ಮತ್ತೆ ಆಲೂಗಡ್ಡೆ ತೆಗೆದುಕೊಂಡಳು.

ಕಂಟ್ರೋಲ್ ರೂಮಿನ ಸ್ಕ್ರೀನಿನಲ್ಲಿ ನಾಲ್ಕನೇ ಚೌಕ ಹಸಿರಾಯಿತು. ಅದರ ಪಕ್ಕದಲ್ಲಿ ಅಪ್ಪನ ಹೆಸರು. ಮಗಳು ಒಂದು ಕ್ಷಣ ತಡೆದಳು. ಕೆಲಸ ನಿಜವಾಗಿಯೂ ಮುಗಿಯಿತೇ ಎಂದು ಯಾರನ್ನಾದರೂ ಕೇಳಬೇಕೆನಿಸಿತು. ಹಿಂದೆ ಮ್ಯಾನೇಜರು ನಿಂತಿದ್ದ.

"ಹಸಿರು ಬಂದಿದೆಯಲ್ಲ, ಇನ್ನೇನು ಕಾಯ್ತಿದೀಯ? ಹತ್ತು ನಿಮಿಷ ಆಗಲೇ ಲೇಟು."

ಅವಳು ಬ್ರೇಕರ್ ಹಾಕಿದಳು.

ಬೀಗಪ್ಪ ರಬ್ಬರಿನ ಕೊಳವೆಯನ್ನು ಹೆಗಲ ಮೇಲೆ ಹೊತ್ತು ಉಗ್ರಾಣದ ಬಾಗಿಲು ದಾಟುತ್ತಿದ್ದ. ಮೊದಲು ಬೆಳಕು ಕಂಡಿತು, ಆಮೇಲೆ ಸದ್ದು ಬಂತು, ಆಮೇಲೆ ವಾಸನೆ. ವಾಸನೆ ಬಂದ ಮೇಲೆ ಅವನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಓಡಿದ. ಗುಂಡಿಯ ಅಂಚಿನಲ್ಲಿ ಇಬ್ಬರು ಕಿರುಚುತ್ತಿದ್ದರು. ಮೂರನೆಯವನು ಕಿರುಚುತ್ತಿರಲಿಲ್ಲ. ಅವನು ಮಗ.

ಮಗ ಸಾಯಲಿಲ್ಲ. ಬಲಗೈಯನ್ನು ಮೊಣಕೈಗಿಂತ ಸ್ವಲ್ಪ ಕೆಳಗೆ ತೆಗೆದರು.

ಆಸ್ಪತ್ರೆಯಿಂದ ಬೀಗಪ್ಪ ಸಂಜೆ ನೇರವಾಗಿ ಮನೆಗೆ ಬಂದ. ಹೆಂಡತಿ ಆಸ್ಪತ್ರೆಗೆ ಹೊರಡಲು ಚೀಲ ತುಂಬುತ್ತಿದ್ದಳು. ಒಂದು ಟವೆಲು, ಮಗನ ಒಂದು ಅಂಗಿ.

"ಇವತ್ತು ಫೋನ್ ಒತ್ತಿದ್ಯಾ?"

ಅವಳು ತಲೆಯಾಡಿಸಿದಳು.

"ಎಷ್ಟು ಹೊತ್ತಿಗೆ?"

"ಅಡುಗೆ ಮಾಡೋ ಹೊತ್ತಿಗೆ. ಯಾಕ್ರೀ?"

"ಯಾವ ಬೆರಳು?"

ಅವಳಿಗೆ ಅರ್ಥವಾಗಲಿಲ್ಲ. ಬಲಗೈಯ ತೋರುಬೆರಳನ್ನು ಸ್ವಲ್ಪ ಎತ್ತಿ ತೋರಿಸಿದಳು. ಅವನು ಅದನ್ನು ಹಿಡಿದು ಹಿಂದಕ್ಕೆ ಮಡಿಸಿದ. ಒಣಕಡ್ಡಿ ಮುರಿದ ಹಾಗೆ ಸದ್ದಾಯಿತು. ಮುದುಕಿ ಮೂಲೆಯಿಂದ ಊರುಗೋಲು ಎತ್ತಿಕೊಂಡು ಬಂದು ಮಗನ ಬೆನ್ನಿಗೆ ಬಾರಿಸಿದಳು. ಒಂದಲ್ಲ, ಐದಾರು ಏಟು. "ಬಿಡೋ! ಬಿಡೋ ನನ್ನ ಹೊಟ್ಟೆ ಉರಿಸೋಕೆ ಹುಟ್ಟಿದವನೇ!" ಅವನು ಬಿಟ್ಟ. ಬಿಟ್ಟು, ಅದೇ ನೆಲದ ಮೇಲೆ ಕೂತು, ತಲೆಯನ್ನು ಗೋಡೆಗೆ ಬಡಿದುಕೊಂಡು ಅತ್ತ.

ಆಸ್ಪತ್ರೆಯಲ್ಲಿ ಒಂದೇ ದಿನ ಮಗನ ಕೈಯನ್ನೂ ಅವನ ತಾಯಿಯ ಬೆರಳನ್ನೂ ನೋಡಿದರು. ಬೆರಳಿಗೆ ಪಟ್ಟಿ ಕಟ್ಟಿದ ನರ್ಸಿಗೆ ಅವಳು ಬಾಗಿಲಿಗೆ ಸಿಕ್ಕಿತು ಎಂದಳು.

ಮೂರು ವಾರದ ನಂತರ ವಿಚಾರಣೆ. ಹಿಂದಿನ ದಿನ ಊಟಕ್ಕೆ ಎಲ್ಲರೂ ಇದ್ದರು. ಮಗ ಎಡಗೈಯಲ್ಲಿ ಚಮಚ ಹಿಡಿದು ಅನ್ನ ಚೆಲ್ಲಿಕೊಳ್ಳುತ್ತಿದ್ದ. ತಾಯಿ ತುತ್ತು ಮಾಡಲು ಹೋದರೆ ಅವಳ ಬೆರಳೂ ಬಗ್ಗುತ್ತಿರಲಿಲ್ಲ.

"ಒಳ್ಳೆ ಜೋಡಿ," ಎಂದ ಮಗ. "ಇಬ್ಬರದ್ದು ಸೇರಿಸಿದ್ರೆ ಒಂದು ಪೂರ್ತಿ ಕೈ ಆಗಲ್ಲ."

ಬೀಗಪ್ಪ ಗಂಟಲು ಸರಿಮಾಡಿಕೊಂಡ. "ನಾಳೆ ನಾನೇ ಒತ್ತಿದ್ದು ಅಂತ ಹೇಳ್ತೀನಿ. ತಪ್ಪಾಗಿ ಒತ್ತಿಬಿಟ್ಟೆ ಅಂತ. ನನ್ನ ಕೆಲಸ ಹೋಗುತ್ತೆ, ಹೋಗ್ಲಿ. ಪರೀಕ್ಷೆ ವಿಷಯ ಹೊರಗೆ ಬರಲ್ಲ. ಇವಳ ಕೆಲಸ ಉಳಿಯುತ್ತೆ, ಮನೆ ಇವಳ ಹೆಸರಿಗೆ ಆಗುತ್ತೆ. ಯಾರೂ ಬಾಯಿ ಬಿಡಬೇಡಿ."

"ಸುಳ್ಳು ಹೇಳೋಕೂ ಒಂದು ತರಬೇತಿ ಬೇಕು ಅಪ್ಪ," ಎಂದಳು ಮಗಳು.

"ನೀನು ಕಲಿಸಿದ್ದು ಸಾಕು."

"ನನ್ನ ಕೈ ಹೋಗಿದ್ದು ಯಾರಿಂದ ಅಂತ ಬರೆದಿಡ್ತಾರಲ್ಲ ನಾಳೆ," ಎಂದ ಮಗ, "ಸರಿಯಾಗಿ ಬರೀಲಿ. ನನಗೆ ಅಷ್ಟೇ ಬೇಕು."

ಹೆಂಡತಿ ಎರಡು ಹೆಜ್ಜೆ ಹಿಂದೆ ನಿಂತಿದ್ದಳು.

ವಿಚಾರಣೆಗೆ ದೊಡ್ಡ ಕಚೇರಿಯಿಂದ ಒಬ್ಬ ಹೆಂಗಸು ಬಂದಿದ್ದಳು. ನರೆತ ಕೂದಲು, ದಪ್ಪ ಕನ್ನಡಕ. ಮೇಜಿನ ಮೇಲೆ ಕಾಗದಗಳು, ಕಂಪನಿಯ ಫೋನು, ಮ್ಯಾನೇಜರಿನ ಖಾನೆಯಿಂದ ತರಿಸಿದ ಕೆಂಪು ಬೀಗ. ಮ್ಯಾನೇಜರು ಒಂದು ಪಕ್ಕ, ಮಗ, ಮಗಳು ಇನ್ನೊಂದು ಪಕ್ಕ. ಹೆಂಡತಿಯನ್ನು ಬಾಗಿಲ ಹೊರಗೆ ಬೆಂಚಿನ ಮೇಲೆ ಕೂರಿಸಿದ್ದರು. ಬಾಗಿಲು ತೆರೆದೇ ಇತ್ತು.

"ಹನ್ನೊಂದು ನಲವತ್ತಕ್ಕೆ ಎಲ್ಲರೂ ಹೊರಗೆ ಬಂದಿದ್ದಾರೆ ಅಂತ ಒತ್ತಿದ್ದು ನೀವೇನಾ?"

"ನಾನೇ."

"ಆಗ ಎಲ್ಲಿದ್ರಿ?"

"ಉಗ್ರಾಣದಲ್ಲಿ."

"ಫೋನ್ ಜೇಬಲ್ಲಿತ್ತಾ?"

"ಇತ್ತು."

ಅವಳು ಫೋನನ್ನು ಮೇಜಿನ ಮೇಲೆ ಅವನ ಕಡೆಗೆ ಸರಿಸಿದಳು. "ಹೇಗೆ ಒತ್ತಿದ್ರಿ, ತೋರಿಸಿ."

ಬೀಗಪ್ಪ ಫೋನು ತೆಗೆದುಕೊಂಡ. ನಾಲ್ಕು ಅಂಕಿ ಕೇಳಿತು. ತಾನು ಕೆಲಸಕ್ಕೆ ಸೇರಿದ ವರ್ಷ ಒತ್ತಿದ. ತಪ್ಪು. ಮಗ ಹುಟ್ಟಿದ ವರ್ಷ ಒತ್ತಿದ. ತಪ್ಪು. ಮನೆಯ ನಂಬರು ಒತ್ತಿದ. ಒಂದು ನಿಮಿಷ ಕಾಯಿರಿ ಎಂದಿತು ಫೋನು. ಆ ಅಂಕಿಗಳು ಅಕ್ಕಿ ಡಬ್ಬದ ಮುಚ್ಚಳದಲ್ಲಿದ್ದವು. ಅಕ್ಕಿ ಡಬ್ಬವನ್ನು ಅವನು ಜನ್ಮದಲ್ಲಿ ತೆರೆದವನಲ್ಲ.

ಆ ಒಂದು ನಿಮಿಷ ಮುಗಿಯುವ ಮೊದಲು ಹೆಂಡತಿ ಬೆಂಚಿನಿಂದ ಎದ್ದು ಒಳಗೆ ಬಂದಳು. ಅವನ ಕೈಯಿಂದ ಫೋನು ತೆಗೆದುಕೊಂಡು, ಪಟ್ಟಿ ಕಟ್ಟಿದ ಬೆರಳನ್ನು ಮೇಲಕ್ಕೆತ್ತಿ ಹಿಡಿದು, ಎಡಗೈಯಿಂದ ನಾಲ್ಕು ಅಂಕಿ ಒತ್ತಿದಳು. ಫೋನು ತೆರೆಯಿತು.

"ಒತ್ತಿದ್ದು ನಾನು. ಅಡುಗೆಮನೇಲಿ."

"ಹೊರಗೆ ನಡಿ," ಎಂದ ಬೀಗಪ್ಪ.

"ಏನು ಬರೆದಿದೆ ಅಂತ ಓದಲಿಲ್ವಾ?" ಎಂದು ಆ ಹೆಂಗಸು ಕೇಳಿದಳು.

"ಅರ್ಧ ಓದಿದೆ. ಒಂದು ಸಲ ಪೂರ್ತಿ ಓದೋಕೆ ಹೋಗಿ, ಏನಿದು ಅಂತ ಇವರನ್ನ ಕೇಳಿದ್ದೆ." ಅವಳು ಸೆರಗು ಸರಿಸಿ ಕುತ್ತಿಗೆ ತೋರಿಸಿದಳು. "ಕೇಳಿದ್ದಕ್ಕೆ ಇದು ಸಿಕ್ಕಿತು. ಆಮೇಲೆ ನಾನು ಯಾವುದನ್ನೂ ಓದಲಿಲ್ಲ, ಯಾವುದನ್ನೂ ಕೇಳಲಿಲ್ಲ."

"ಬೆರಳಿಗೆ ಏನಾಯ್ತು?"

"ಅದೂ ನಿಮ್ಮ ಕಾಗದಕ್ಕೆ ಬೇಕಾ? ಬೇಕಾದ್ರೆ ಬರ್ಕೊಳ್ಳಿ."

ಬೀಗಪ್ಪ ಕುರ್ಚಿ ಒದ್ದು ಎದ್ದ. ಕೈ ಮೇಲಕ್ಕೆ ಹೋಯಿತು. ಕೆಳಗೆ ಬರಲಿಲ್ಲ. ಮಣಿಕಟ್ಟನ್ನು ಮಗ ಎಡಗೈಯಲ್ಲಿ ಹಿಡಿದಿದ್ದ.

"ಈ ಕೈ ಇನ್ನೂ ಇದೆ ಅಪ್ಪ."

ಮಗಳು ಎದ್ದು ನಿಂತಳು. "ಇವರ ಪರೀಕ್ಷೆ ಬರೆದವಳು ನಾನು. ಬ್ರೇಕರ್ ಹಾಕಿದವಳೂ ನಾನೇ. ಆ ಬೀಗ ಪೆಟ್ಟಿಗೆ ಮೇಲೆ ಇದ್ದಿದ್ರೆ ನಾನು ಎಷ್ಟು ಒತ್ತಿದ್ರೂ ಲೈನಿಗೆ ಕರೆಂಟ್ ಬರ್ತಿರಲಿಲ್ಲ. ಅದನ್ನ ತೆಗೆಸಿದ್ದು ಯಾರು ಅಂತ ಇವರನ್ನ ಕೇಳಿ," ಎಂದು ಮ್ಯಾನೇಜರಿನ ಕಡೆ ಕೈ ತೋರಿಸಿದಳು. ಮ್ಯಾನೇಜರು ತನ್ನ ಫೋನು ನೋಡುತ್ತಿದ್ದ.

ಎಲ್ಲರೂ ಎದ್ದು ಹೊರಡುವಾಗ ಹೆಂಡತಿ ಮೇಜಿನ ಹತ್ತಿರ ನಿಂತಳು. "ಬರ್ಕೊಂಡಾಗಿದ್ರೆ ಆ ಬೀಗ ಕೊಡಿ ಅಮ್ಮ. ಅದು ನಮ್ಮನೇದು."

ಹತ್ತನೆಯ ದಿನ ಕಾಗದಗಳು ಬಂದವು. ಬೀಗಪ್ಪನನ್ನು ಕೆಲಸದಿಂದ ತೆಗೆದಿದ್ದರು. ಮ್ಯಾನೇಜರನ್ನು ಬೇರೆಡೆಗೆ ಕಳಿಸಿದ್ದರು. ಮಗಳಿಗೆ ಒಂದು ತಿಂಗಳು ಸಂಬಳವಿಲ್ಲದ ರಜೆ, ಎಚ್ಚರಿಕೆ, ಆಮೇಲೆ ಮತ್ತೆ ಅದೇ ಕುರ್ಚಿ. ಆ ಸ್ಕ್ರೀನುಗಳ ಮುಂದೆ ಕೂರಲು ಕಲಿತವರು ಅಲ್ಲಿ ಆರೇ ಜನ ಇದ್ದರು, ಒಬ್ಬಳನ್ನೂ ಕಳೆದುಕೊಳ್ಳುವ ಹಾಗಿರಲಿಲ್ಲ. ಮನೆ ಅವಳ ಹೆಸರಿಗೆ ಆಯಿತು. ಬಯಲಿಗೆ ಅರವತ್ತು ಕೆಂಪು ಬೀಗಗಳ ಪೆಟ್ಟಿಗೆಯೂ ಬಂದಿತ್ತು. ಫೋನೂ ಇರಲಿ, ಬೀಗವೂ ಇರಲಿ ಎಂದು ಹೊಸ ಆದೇಶ.

"ಅರವತ್ತು!" ಎಂದು ಬೀಗಪ್ಪ ಕೂಗಿದ. "ನನ್ನನ್ನ ಮನೆಗೆ ಕಳ್ಸಿ ಅರವತ್ತು ಬೀಗ ತರಿಸಿದಾರೆ ಬೋಳಿಮಕ್ಕಳು! ಇನ್ನು ಇವಳ ಮನೇಲಿ ನಾನು ಕೂಳು ತಿನ್ಬೇಕಾ?"

ಕೈ ಹತ್ತಿರ ಇದ್ದ ಸ್ಟೂಲನ್ನು ಎತ್ತಿ ಮಗಳತ್ತ ಬೀಸಿದ. ಅವಳು ಬಗ್ಗಿದಳು. ಸ್ಟೂಲು ಬಾಗಿಲ ಚೌಕಟ್ಟಿಗೆ ಬಡಿದು ಕಾಲು ಮುರಿಯಿತು. ಯಾರೂ ಕೂಗಲಿಲ್ಲ, ಯಾರೂ ಬಿಡಿಸಲು ಬರಲಿಲ್ಲ. ಹೆಂಡತಿ ಮುರಿದ ಕಾಲನ್ನು ಎತ್ತಿ ಒಲೆಯ ಪಕ್ಕಕ್ಕೆ ಇಟ್ಟಳು. ಅವನು ಚಪ್ಪಲಿ ಮೆಟ್ಟಿಕೊಂಡು ಚಹಾದಂಗಡಿಗೆ ಹೋದ.

ಮಧ್ಯಾಹ್ನ ಎರಡಕ್ಕೆ ಹಸಿದು ವಾಪಸು ಬಂದ. ಗ್ರಿಲ್ ಮುಚ್ಚಿತ್ತು. ಒಳಗಿನಿಂದ ಕೊಂಡಿಗೆ ಕೆಂಪು ಬೀಗ ಬಿದ್ದಿತ್ತು. ಅವನದೇ ಬೀಗ. ಬೀಗಕ್ಕೆ ಅವನದೇ ಹಳೆಯ ಚೀಟಿ ಕಟ್ಟಿತ್ತು. 'ಅಪಾಯ. ಒಳಗೆ ಜನರಿದ್ದಾರೆ. ಹಾಕಿದವರ ಹೊರತು ಯಾರೂ ತೆಗೆಯಬಾರದು.' ಕೆಳಗೆ ಅವನ ಹೆಸರಿನ ಮೇಲೆ ಗೆರೆ ಎಳೆದು, ಪೆನ್ಸಿಲಿನಲ್ಲಿ, ಕೂಡಿಸಿ ಕೂಡಿಸಿ ಬರೆದ ದಪ್ಪ ಅಕ್ಷರದಲ್ಲಿ ಹೆಂಡತಿಯ ಹೆಸರಿತ್ತು. ಹೊರಗೆ ಮೆಟ್ಟಿಲ ಮೇಲೆ ಅವನ ಬಟ್ಟೆಯ ಚೀಲವಿತ್ತು.

ಒಳಗಿನಿಂದ ತಟ್ಟೆಗಳ ಸದ್ದು ಬರುತ್ತಿತ್ತು. ಮಗನ ಚಮಚ ತಟ್ಟೆಗೆ ತಗಲುವುದು ಕೇಳುತ್ತಿತ್ತು.

ಬೀಗಪ್ಪ ಕೊರಳಿಗೆ ಕೈ ಹಾಕಿ ದಾರದಲ್ಲಿದ್ದ ಬೀಗದ ಕೈ ಹೊರಗೆ ತೆಗೆದ. ಗ್ರಿಲ್ಲಿನ ಸಂದಿಯಿಂದ ಕೈ ತೂರಿಸಿ ಬೀಗ ಹಿಡಿದ. ಅದರ ತೂಕ ಅವನ ಅಂಗೈಗೆ ಗೊತ್ತಿತ್ತು. ಬೀಗದ ಕೈಯನ್ನು ಒಳಗಿಟ್ಟ. ತಿರುಗಿಸಲಿಲ್ಲ.

ಮುದುಕಿ ಜಗಲಿಗೆ ಬಂದು, ಊರುಗೋಲಿನ ಮೇಲೆ ಭಾರ ಹಾಕಿ ನಿಂತಳು. ಕೈಯಲ್ಲಿ ಒಂದು ತಟ್ಟೆ ಅನ್ನ ಇತ್ತು.

"ಏನೋ? ತೆಗೀತೀಯಾ?"

ಅವನು ಬೀಗದ ಕೈಯನ್ನು ಹೊರಗೆಳೆದುಕೊಂಡ.

"ಹಾಕಿದ್ದು ನಾನಲ್ಲ," ಎಂದ.

ಮುದುಕಿ ತಟ್ಟೆಯನ್ನು ಓರೆ ಮಾಡಿ ಗ್ರಿಲ್ಲಿನ ಕೆಳಗಿನ ಸಂದಿಯಿಂದ ತಳ್ಳಿದಳು. ಅವನು ಚೀಲವನ್ನು ಪಕ್ಕಕ್ಕೆ ಸರಿಸಿ ಮೆಟ್ಟಿಲ ಮೇಲೆ ಕೂತು ಉಂಡ.